ಬೆನ್ನು ಬಂಡೆಗೇ ಅಂಟಿದವರು

ಹಂಗಾ ರೋವಾ ಊರಿನಿಂದ ಕರಾವಳಿ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ರಾನೊ ರರಾಕು ದೂರದಿಂದಲೇ ಕಾಣುತ್ತದೆ. ಯಾವತ್ತೋ ಆರಿಹೋದ ಜ್ವಾಲಾಮುಖಿ ಗುಡ್ಡ. ಚಿಲಿ ತೀರದಿಂದ ಸುಮಾರು 3,700 ಕಿಲೋಮೀಟರ್ ಆಚೆ, ಪೆಸಿಫಿಕ್ ನಡುವೆ ಇರುವ ರಾಪಾ ನೂಯಿ ದ್ವೀಪದ ಸಾವಿರದಷ್ಟು ಮೊವಾಯ್ ವಿಗ್ರಹಗಳಲ್ಲಿ ಬಹುಪಾಲು ಹುಟ್ಟಿದ್ದು ಇಲ್ಲೇ. ನಾವು ಶಾಲೆಯಲ್ಲಿ ಈಸ್ಟರ್ ದ್ವೀಪ ಎಂದು ಓದಿದ್ದು ಈ ರಾಪಾ ನೂಯಿಯನ್ನೇ.

ಇಳಿಜಾರಿನ ಹುಲ್ಲಿನಲ್ಲಿ ಬರೀ ತಲೆಗಳು ಕಾಣುತ್ತವೆ. ಎದೆ, ಹೊಟ್ಟೆ, ಕೈಗಳೆಲ್ಲ ಮೇಲಿಂದ ಜಾರಿಬಂದ ಮಣ್ಣಿನಡಿ ಹೂತಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವುಗಳಿಗಿಂತ ಮೇಲಿನ ಬಂಡೆ. ಅಲ್ಲಿ ಸುಮಾರು 21 ಮೀಟರ್ ಉದ್ದದ, ತೆ ತೊಕಾಂಗಾ ಎಂಬ ಮೊವಾಯ್ ಅಂಗಾತ ಮಲಗಿದ್ದಾನೆ, ಬೆನ್ನು ಇನ್ನೂ ಬಂಡೆಯಿಂದ ಬಿಟ್ಟಿಲ್ಲ. ಕೆಲಸದ ಕ್ರಮವನ್ನು ಅಲ್ಲೇ ಓದಿಕೊಳ್ಳಬಹುದು. ಮೊದಲು ಮುಖ, ಎದೆ. ಎರಡೂ ಪಕ್ಕದಲ್ಲಿ ಶಿಲ್ಪಿ ನುಸುಳಿ ಕೂರುವಷ್ಟು ಸಂದಿ. ಬೆನ್ನಡಿಯಲ್ಲಿ ಉಳಿದ ಏಣನ್ನು ಕೊನೆಗೆ ಕಡಿದು, ಕೆಳಗಿಳಿಸಿ, ಗುಂಡಿಯಲ್ಲಿ ನಿಲ್ಲಿಸಿ ಬೆನ್ನು ಕೆತ್ತುತ್ತಿದ್ದರು. ಕಣ್ಣಿನ ಗುಳಿ ತೆಗೆಯುತ್ತಿದ್ದುದು ಅಹು ಎಂಬ ಕಟ್ಟೆಯ ಮೇಲೆ ಪ್ರತಿಷ್ಠೆಯಾದ ಮೇಲೆಯೇ. ಕಬ್ಬಿಣ ಇರಲಿಲ್ಲ, ಬೂದಿ ಗಟ್ಟಿಯಾಗಿ ಆದ ಈ ಕಲ್ಲನ್ನು ತೊಕಿ ಎಂಬ, ಅಂಗೈಯಲ್ಲಿ ಹಿಡಿಯುವ ಕರಿಗಲ್ಲಿನ ಉಳಿಯಿಂದ ಕುಟ್ಟಿ ಕುಟ್ಟಿ ಬಿಡಿಸಿದ್ದು. ಓರೆಬಿಸಿಲಿಗೆ ಗೋಡೆಯ ಮೇಲೆ ಆ ಪೆಟ್ಟುಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ.

"ಇವರೆಲ್ಲ ನಮ್ಮ ಹಿರಿಯರು," ಎಂದರು ನಮ್ಮ ಮಾರ್ಗದರ್ಶಿ, ಅಲ್ಲಿಯವರೇ. ಇಷ್ಟು ಸ್ಪಷ್ಟವಾಗಿ ಮನುಷ್ಯರ ಕೈಗುರುತು ಇರುವಾಗಲೂ ಇದು ಅನ್ಯಗ್ರಹದವರ ಕೆಲಸ ಎನ್ನುವವರಿದ್ದಾರಲ್ಲ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 1862ರಲ್ಲಿ ಪೆರುವಿನಿಂದ ಬಂದ ಹಡಗುಗಳು ಇಲ್ಲಿನ ಜನರನ್ನು ಗುಲಾಮರನ್ನಾಗಿ ಹಿಡಿದೊಯ್ದವು. ಹಿಂತಿರುಗಿದ ಕೆಲವರೊಂದಿಗೆ ಸಿಡುಬು ಬಂತು. 1877ರ ಹೊತ್ತಿಗೆ ಉಳಿದವರು 111 ಮಂದಿ. ಬಲ್ಲವರನ್ನೇ ಕೊಂದ ಮೇಲೆ ಉಳಿದದ್ದಕ್ಕೆ ಹೊರಗಿನವರು 'ರಹಸ್ಯ' ಎಂದು ಹೆಸರಿಟ್ಟರು.

2022ರ ಅಕ್ಟೋಬರಿನಲ್ಲಿ ಇಲ್ಲಿ ಬೆಂಕಿ ಬಿದ್ದು ಹಲವು ವಿಗ್ರಹಗಳು ಸುಟ್ಟವು. ಕಾವಿಗೆ ಈ ಕಲ್ಲು ಬಿರಿಯುತ್ತದೆ, ಬಿರುಕಿಗೆ ಮಳೆನೀರು ಇಳಿದರೆ ಇನ್ನಷ್ಟು ಸವೆಯುತ್ತದೆ. ಹಾಗಾಗಿ ಕಾಲುದಾರಿ ಬಿಟ್ಟು ಹೆಜ್ಜೆಯಿಡುವಂತಿಲ್ಲ, ಮುಟ್ಟುವಂತಿಲ್ಲ, ಒಂದು ಟಿಕೆಟಿಗೆ ಇಲ್ಲಿ ಒಂದೇ ಪ್ರವೇಶ. ಈ ಕಟ್ಟುಪಾಡು ನನಗೆ ಭಾರವೆನಿಸಲಿಲ್ಲ. 2017ರ ಕೊನೆಯಿಂದ, ಈ ಗುಡ್ಡವೂ ಸೇರಿದ ರಾಷ್ಟ್ರೀಯ ಉದ್ಯಾನದ ಆಡಳಿತ ರಾಪಾ ನೂಯಿ ಜನರದೇ ಆದ ಮಾವು ಹೆನುವಾ ಸಂಸ್ಥೆಯ ಕೈಯಲ್ಲಿದೆ; ಹಿರಿಯರ ಅಂಗಳಕ್ಕೆ ಯಾರು, ಹೇಗೆ ಬರಬೇಕೆಂದು ಈಗ ಮೊಮ್ಮಕ್ಕಳೇ ಹೇಳುತ್ತಾರೆ.