ಘಟ್ಟವಿಳಿದು ಕಳ್ಳಂಗಡಿಗೆ

ಕೊಡಗಿನ ಪೊನ್ನಂಪೇಟೆಯವರಿಗೆ ಸಮುದ್ರವೆಂಬುದು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮೇಘರೂಪದಿಂದ ಘಟ್ಟವನ್ನೇರಿ ತಾನಾಗಿಯೇ ಬಂದು, ಮಾಡಿನ ಹೆಂಚನ್ನೂ ಕಾಫಿಯ ತೋಟವನ್ನೂ ಗದ್ದೆಯ ಬದುವನ್ನೂ ತೋಯಿಸಿ ಹೋಗುವ ಅತಿಥಿ. ಅಷ್ಟು ದೀರ್ಘಕಾಲ ಬಂದು ತಂಗಿದವರ ಮನೆಗೆ ಮಳೆ ನಿಂತ ಮೇಲೆ ನಾವೂ ಒಮ್ಮೆ ಹೋಗಿಬರುವುದೇ ಮರ್ಯಾದೆಯೆಂದು ನಮ್ಮ ಮನೆಯಲ್ಲಿ ಹಿಂದಿನಿಂದಲೂ ಒಂದು ನಂಬಿಕೆಯುಂಟು. ಸಮುದ್ರಸ್ನಾನ, ಸೂರ್ಯಾಸ್ತದರ್ಶನ ಮೊದಲಾದ ಘನವಾದ ಕಾರಣಗಳನ್ನು ನೆರೆಹೊರೆಯವರ ಮುಂದೆ ಹೇಳಿಕೊಳ್ಳುತ್ತೇವಾದರೂ, ನಿಜವಾದ ಕಾರಣವು ಘನವಲ್ಲ, ದ್ರವ. ಮಲಬಾರಿನ ತೀರದಲ್ಲಿ, ತೆಂಗಿನ ನೆರಳಿನ ಕಳ್ಳಂಗಡಿಯೊಂದರಲ್ಲಿ, ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಹುಡುಗರವರೆಗೆ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವ ಸುಖಕ್ಕಾಗಿಯೇ ನಾವು ಘಟ್ಟವಿಳಿಯುವುದು.

ದಾರಿ ಸುಮಾರು ನೂರು ಕಿಲೋಮೀಟರು. ಗೋಣಿಕೊಪ್ಪಲು, ವಿರಾಜಪೇಟೆ, ಪೆರುಂಬಾಡಿಗಳನ್ನು ದಾಟಿ ಮಾಕುಟ್ಟದ ಕಾಡಿನಲ್ಲಿಳಿಯತೊಡಗಿದರೆ, ಸಿಲ್ವರ್ ಓಕಿನ ನೆರಳೂ ಕಾಫಿಯ ಸಾಲೂ ಹಿಂದುಳಿದು, ಹಗಲಲ್ಲಿಯೂ ಮಬ್ಬಾಗಿರುವ ನಿತ್ಯಹರಿದ್ವರ್ಣದ ಅರಣ್ಯ ಸುತ್ತುವರಿಯುತ್ತದೆ. ಅದು ಮುಗಿದ ಮೇಲೆ ಕೂಟುಪುಳದ ಸೇತುವೆ, ಅದರಾಚೆ ರಬ್ಬರು, ಆಮೇಲೆ ಗೇರು, ಇರಿಟ್ಟಿಯನ್ನು ದಾಟಿದ ಮೇಲೆ ತೆಂಗು, ತೆಂಗು, ತೆಂಗು. ಒಂದೊಂದು ತಿರುವಿಗೂ ಒಂದೊಂದು ಉಣ್ಣೆಯಂಗಿ ಮೈಯಿಂದ ಕಳಚಿ ಹಿಂದಿನ ಸೀಟಿಗೆ ಬೀಳುತ್ತದೆ. ತಲಶ್ಶೇರಿಯ ಕಡೆಗಿಳಿಯುವ ಈ ದಾರಿ ನಮಗೆ ಹೊಸತಲ್ಲ. ಕೊಡಗಿನ ಅರಸನಾದ ದೊಡ್ಡ ವೀರರಾಜೇಂದ್ರನು 1790ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಡನೆ ಕೌಲುಮಾಡಿಕೊಂಡಾಗ ಕಂಪೆನಿಯ ಪರವಾಗಿ ನಿಂತವನು ತಲಶ್ಶೇರಿಯ ಮುಖ್ಯಾಧಿಕಾರಿಯಾದ ರಾಬರ್ಟ್ ಟೇಲರ್. ಕೊಡಗಿನ ಏಲಕ್ಕಿಯೂ ಆಮೇಲೆ ಕಾಫಿಯೂ ತಲಶ್ಶೇರಿಯ ರೇವಿನಿಂದಲೇ ಹಡಗನ್ನೇರಿದವು. ಅಲ್ಲಿಂದ ಉಪ್ಪೂ ಒಣಮೀನೂ ಎತ್ತುಗಳ ಬೆನ್ನಮೇಲೆ ಘಟ್ಟವನ್ನು ಹತ್ತಿಬಂದವು. ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಶಿವದೇವಾಲಯದ ಊಟ್ಟು ಉತ್ಸವಕ್ಕೆ ಕೊಡಗಿನವರು ಕುಂಭಮಾಸದಲ್ಲಿ ಎತ್ತಿನ ಮೇಲೆ ಅಕ್ಕಿಯನ್ನು ಹೇರಿಕೊಂಡು ಹೋಗುವ ಪದ್ಧತಿ ಈ ಕಾಲದಲ್ಲಿಯೂ ಉಳಿದುಬಂದಿದೆ. ದೇವರ ಊಟಕ್ಕೆ ಅಕ್ಕಿ ಕೊಡುವ ನಾಡಿನವರು ತಮ್ಮ ಊಟಕ್ಕೆಂದು ಒಮ್ಮೆ ಅದೇ ಸೀಮೆಗೆ ಇಳಿದರೆ ಆಕ್ಷೇಪಿಸುವವರಾರು?

ಕಳ್ಳಿನ ವಿಷಯವನ್ನು ಸ್ವಲ್ಪ ಸಾವಧಾನವಾಗಿ ಹೇಳಬೇಕು, ಏಕೆಂದರೆ ಅದನ್ನು ಹಳಿಯುವವರಲ್ಲಿ ಬಹುಮಂದಿ ಅದು ಹುಟ್ಟುವ ಬಗೆಯನ್ನು ಕಂಡವರಲ್ಲ. ತೆಂಗಿನ ಹೊಂಬಾಳೆ ಇನ್ನೂ ಬಿರಿಯದಿರುವಾಗಲೇ ಅದನ್ನು ಬಿಗಿಯಾಗಿ ಕಟ್ಟಿ, ದಿನವೂ ಮೆಲ್ಲಮೆಲ್ಲನೆ ತಟ್ಟಿ ಹದಗೊಳಿಸಿ, ತುದಿಯನ್ನು ಎಲೆಯಷ್ಟು ತೆಳುವಾಗಿ ಕೊಯ್ದರೆ, ಕಾಯಾಗಬೇಕಾಗಿದ್ದ ರಸ ಹನಿಹನಿಯಾಗಿ ಮಡಕೆಗೆ ಇಳಿಯುತ್ತದೆ. ತಟ್ಟುವ ಪೆಟ್ಟು ಬಲವಾದರೆ ಹೊಂಬಾಳೆ ಸಾಯುತ್ತದೆ, ಹಗುರವಾದರೆ ರಸ ಬಾರದು. ಮರದ ತುದಿಯಲ್ಲಿ, ಗಾಳಿಗೆ ತೂಗಾಡುತ್ತ, ಕೈಯ ಅಳತೆಯೊಂದನ್ನೇ ನಂಬಿ ಮಾಡಬೇಕಾದ ಈ ಕೆಲಸವನ್ನು ಮಲಬಾರಿನಲ್ಲಿ ತೀಯರೂ, ತುಳುನಾಡಿನಲ್ಲಿ ಮೂರ್ತೆದಾರರೆನಿಸಿದ ಬಿಲ್ಲವರೂ ತಲೆತಲಾಂತರದಿಂದ ಕಲಿತವರು. ನಮ್ಮ ಕೊಡಗಿನ ಕಾಡಂಚಿನಲ್ಲಿಯೂ ಬೈನೆಯ ಮರದಿಂದ ಕಳ್ಳಿಳಿಸುವುದನ್ನು ಬಲ್ಲವರಿದ್ದರು. ಆದರೆ ನಮ್ಮ ರಾಜ್ಯದಲ್ಲಿ ಈಗ ಕಳ್ಳಿನಂಗಡಿಯೆಂಬುದು ದಕ್ಷಿಣ ಕನ್ನಡ, ಉಡುಪಿಗಳ ಕರಾವಳಿಗೆ ಸೀಮಿತವಾದ ವೈಭವ.

ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ರಸ ಸಿಹಿಯಾಗಿಯೇ ಉಳಿದು ನೀರಾ ಆಗುತ್ತದೆ. ಸುಣ್ಣವಿಲ್ಲವಾದರೆ ಗಾಳಿಯಲ್ಲಿಯೂ ಮಡಕೆಯ ಮೈಯಲ್ಲಿಯೂ ಇರುವ ಯೀಸ್ಟ್ ಆ ಕ್ಷಣದಿಂದಲೇ ಕೆಲಸಕ್ಕೆ ತೊಡಗಿ, ಯಾರ ಅಪ್ಪಣೆಯೂ ಇಲ್ಲದೆ, ಕೆಲವೇ ಗಂಟೆಗಳಲ್ಲಿ ಸಕ್ಕರೆಯನ್ನು ಮದ್ಯವನ್ನಾಗಿ ಮಾರ್ಪಡಿಸುತ್ತದೆ. ಅದರ ಬೆನ್ನಿಗೇ ಹುಳಿಯ ಜೀವಾಣುಗಳು ಬರುತ್ತವೆ. ಮರುದಿನ ಅದು ಕಳ್ಳಿನ ಪದವಿಯಿಂದ ಇಳಿದು ವಿನಿಗರಿನ ದಾರಿ ಹಿಡಿದಿರುತ್ತದೆ. ಬೆಳಗಿನದು ಎಳನೀರಿಗೆ ಅಣ್ಣನಷ್ಟೇ. ಮಧ್ಯಾಹ್ನದ ಹೊತ್ತಿಗೆ ಬಿಯರಿನಷ್ಟು ಕಸುವು. ಸಂಜೆಯ ಹಳೆಯದು ಹುಳಿಯಾಗಿ, ತೀಕ್ಷ್ಣವಾಗಿ, ಅಪರಿಚಿತರನ್ನು ಹೆದರಿಸುತ್ತದೆ. ಹೀಗೆ ಒಂದು ಹಗಲಿನಲ್ಲಿಯೇ ಬಾಲ್ಯ, ಯೌವನ, ವಾರ್ಧಕ್ಯಗಳನ್ನು ಮುಗಿಸಿಬಿಡುವ ಪಾನೀಯವನ್ನು ಸೀಸೆಯಲ್ಲಿ ಕಟ್ಟಿ ದೂರದೇಶಕ್ಕೆ ಜೀವಂತವಾಗಿ ಕಳುಹುವುದು ಅಸಾಧ್ಯ. ಅದು ನಮ್ಮಲ್ಲಿಗೆ ಬಾರದು, ನಾವೇ ಅದರಲ್ಲಿಗೆ ಹೋಗಬೇಕು. ಅದರ ಹಿರಿಮೆಯೆಲ್ಲ ಇಲ್ಲಿದೆಯೆಂದು ನನ್ನ ಮತ.

ಇಂಗ್ಲೆಂಡಿನಲ್ಲಿಯೂ ಇಂಥ ಮತವುಳ್ಳವರಿದ್ದಾರೆ. ದೊಡ್ಡ ಕಾರ್ಖಾನೆಗಳು ಬಿಯರನ್ನು ಸೋಸಿ, ಕಾಯಿಸಿ, ಒತ್ತಡದ ಅನಿಲ ತುಂಬಿ, ಎಲ್ಲೆಡೆಯಲ್ಲಿಯೂ ಒಂದೇ ರುಚಿಯದನ್ನಾಗಿ ಮಾಡತೊಡಗಿದಾಗ, ಪೀಪಾಯಿಯೊಳಗೆ ಎರಡನೆಯ ಸಲ ಹುದುಗುತ್ತ ಜೀವಂತವಾಗಿರುವ ಏಲನ್ನು ಉಳಿಸಿಕೊಳ್ಳಬೇಕೆಂದು 1971ರಲ್ಲಿ ಒಂದು ಚಳವಳಿಯನ್ನೇ ಹೂಡಿದರು. ಕಡಲ ದಡದ ಪಬ್ಬಿಗೆ ಹೆಂಡತಿ ಮಕ್ಕಳೊಡನೆ ಹೋಗಿ ಮೀನು ತಿಂದು ಆ ಏಲನ್ನು ಸವಿಯುವುದು ಅವರಿಗೆ ಭಾನುವಾರದ ಸಹಜವಿನೋದ. ಅದೇ ನಾಡಿನ ಜನ ಹಿಂದೆ ನಮ್ಮ ಪಾಲಿಬೆಟ್ಟದಲ್ಲಿ ಪ್ಲಾಂಟರುಗಳಾಗಿ ಬ್ಯಾಂಬೂ ಕ್ಲಬ್ಬಿನಲ್ಲಿ ಕುಳಿತು ಕುಡಿದರಾದರೂ, ಘಟ್ಟದ ಕೆಳಗಿನ ಹೊಂಬಾಳೆಯ ಏಲು ತಮ್ಮ ನಾಡಿನ ಪೀಪಾಯಿಯ ದಾಯಾದಿಯೆಂದು ಅವರಲ್ಲಿ ಎಷ್ಟು ಮಂದಿಗೆ ಹೊಳೆದಿತ್ತೋ! ನಾಟಿ ಮದ್ಯಕ್ಕೆ ಒಲಿದ ದೊರೆಯೊಬ್ಬನಂತೂ ಇದ್ದ: ತಲಶ್ಶೇರಿಯ ಮಂಬಳ್ಳಿ ಬಾಪು ಎಂಬವರು 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ದೊರೆಗಾಗಿ ಕ್ರಿಸ್ಮಸ್ ಕೇಕನ್ನು ಬೇಯಿಸಿದಾಗ, ದೊರೆ ಹೇಳಿದ ಫ್ರೆಂಚ್ ಬ್ರಾಂದಿಯ ಬದಲು ಗೇರುಹಣ್ಣಿನ ನಾಟಿ ಮದ್ಯವನ್ನು ಬೆರೆಸಿ ದೊರೆಯನ್ನು ಮೆಚ್ಚಿಸಿದರೆಂಬ ಕಥೆ ಆ ಊರಿನಲ್ಲಿ ಪ್ರಸಿದ್ಧ.

ನಾವು ಹೋಗುವ ಅಂಗಡಿ ಧರ್ಮಡಂ ದ್ವೀಪದಿಂದ ಬಹುದೂರವಿಲ್ಲ. ಅದರ ಹೆಸರು ಹೇಳಲಾರೆ. ಹೇಳಿದರೆ ಮುಂದಿನ ಸಲ ನಮಗೆ ಮೇಜು ಸಿಕ್ಕದು. ಕಪ್ಪು ಹಲಗೆಯ ಮೇಲೆ ಬಿಳಿಯ ದಪ್ಪ ಅಕ್ಷರದಲ್ಲಿ ಕಳ್ಳೆಂದು ಬರೆದಿರುವುದೇ ಜಾಹೀರಾತು. ಹಿಂದೆ ಇಂಥ ಕಡೆ ಮಂಕುಬೆಳಕಿನಲ್ಲಿ ಗಂಡಸರು ಮಾತ್ರ ಬೆಂಚಿನ ಮೇಲೆ ಕುಳಿತು ಗುಟುಕರಿಸಿ ಎದ್ದುಹೋಗುತ್ತಿದ್ದರು. ಈಗ ಹಲವೆಡೆ ಸಂಸಾರವಂದಿಗರಿಗೆಂದು ಪ್ರತ್ಯೇಕ ಕೋಣೆಗಳಾಗಿವೆ. ನಮ್ಮ ಅಂಗಡಿಯಲ್ಲಿ ಆ ಕೋಣೆಗೆ ಸಮುದ್ರದ ಕಡೆಗೆ ಕಿಟಕಿಯುಂಟು.

ಮೊದಲು ಬರುವುದು ಮರಗೆಣಸು, ಅದರೊಡನೆ ಉರಿಗೆಂಪಾದ ಮತ್ತಿಮೀನಿನ ಸಾರು. ಆಮೇಲೆ ನಾವೆಲ್ಲ ಕಾದಿರುವ ಅರಿಕ್ಕಡುಕ್ಕ: ಬಂಡೆಗಂಟಿ ಬೆಳೆಯುವ ಕಲ್ಲುಮ್ಮಕ್ಕಾಯ ಚಿಪ್ಪನ್ನು ಬಿಡಿಸಿ, ತೆಂಗಿನಕಾಯಿಯೊಡನೆ ಅರೆದ ಅಕ್ಕಿಹಿಟ್ಟನ್ನು ಮಾಂಸದ ಸುತ್ತ ತುಂಬಿ, ಆವಿಯಲ್ಲಿ ಬೇಯಿಸಿ, ಚಿಪ್ಪಿನಿಂದ ತೆಗೆದು, ಮೆಣಸಿನ ಮಸಾಲೆ ಬಳಿದು ಎಣ್ಣೆಯಲ್ಲಿ ಹುರಿದುದು. ಹೊರಗೆ ಗರಿಗರಿ, ಒಳಗೆ ಕಡುಬಿನ ಮೃದುತ್ವ, ಅದರ ನಡುವೆ ಸಮುದ್ರದ ಉಪ್ಪು. ನಮ್ಮ ಅಕ್ಕಿಯ ಕಡುಬಾದ ಕಡಂಬುಟ್ಟನ್ನು ದಿನವೂ ಕಂಡ ನಾಲಗೆಗೆ ಇದು ಪರದೇಶವೆನಿಸುವುದಿಲ್ಲ. ನಮ್ಮ ಹಂದಿಸಾರಿಗೆ ಕಪ್ಪು ಬಣ್ಣವನ್ನೂ ಹುಳಿಯನ್ನೂ ಕೊಡುವ ಕಾಚಂಪುಳಿ ಯಾವ ಹಣ್ಣಿನ ರಸವನ್ನು ಕುದಿಸಿ ಮಾಡಿದುದೋ, ಅದೇ ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ತೆಂಕಣ ಕೇರಳದವರು ಕುಡಂಪುಳಿಯೆಂದು ಮೀನಿನ ಸಾರಿಗೆ ಹಾಕುತ್ತಾರೆ. ಮರವೊಂದೇ, ಬೆಟ್ಟದವರು ಅದನ್ನು ಹಂದಿಗೆ ಒಪ್ಪಿಸಿದರು, ಕಡಲಿನವರು ಮೀನಿಗೆ.

ಕಳ್ಳು ಮೇಜಿಗೆ ಬಂದೊಡನೆ ನಮ್ಮ ಅಜ್ಜಿ ಮೊದಲು ಮೂಸಿ ನೋಡುತ್ತಾರೆ. ಒಮ್ಮೆ ಅವರು, “ಇದು ಇವತ್ತಿನದೋ ನಿನ್ನೆಯದೋ?” ಎಂದು ಸಂಶಯದಿಂದ ಕೇಳಿದಾಗ, ಬಡಿಸುವ ಹುಡುಗನು ನಮ್ಮ ಗಡಿಸೀಮೆಯ ಬೆರಕೆ ಕನ್ನಡದಲ್ಲಿ, “ಇವತ್ತು ಬೆಳಗಿನದೇ ಅಮ್ಮಾ, ನಿನ್ನೆಯದು ನಿಮ್ಮ ತಟ್ಟೆಯ ಅಪ್ಪದಲ್ಲಿದೆ” ಎಂದ. ಮಾತು ಸತ್ಯವೇ, ಅಲ್ಲಿಯ ಅಪ್ಪವೂ ಮಂಗಳೂರಿನ ಕ್ರೈಸ್ತರ ಸನ್ನವೂ ಉಬ್ಬಿ ಮೃದುವಾಗುವುದು ಕಳ್ಳಿನಿಂದಲೇ. ಅಜ್ಜಿ ಅರ್ಧ ಗ್ಲಾಸಿಗಿಂತ ಹೆಚ್ಚು ಮುಟ್ಟುವುದಿಲ್ಲ. ಅವರ ಎದುರಿನಲ್ಲಿ ನಾವಾರೂ ಎರಡನ್ನು ಮೀರುವುದಿಲ್ಲ.

ಬಯಲುಸೀಮೆಯ ಮಿತ್ರರೊಬ್ಬರು ಇದನ್ನು ಕೇಳಿ, ಮುತ್ತಜ್ಜಿಯಾಗುವ ವಯಸ್ಸಿನವರನ್ನು ಕಳ್ಳಂಗಡಿಗೆ ಕರೆದೊಯ್ಯುವುದೆಂದರೇನೆಂದು ಬೆರಗಾದರು. ಕೈಲುಮುಹೂರ್ತದಲ್ಲಿ ಕೋವಿಗೆ ಪೂಜೆಮಾಡಿ, ಹುತ್ತರಿಯಲ್ಲಿ ಕದಿರು ತಂದು, ಗತಿಸಿದ ಹಿರಿಯರಾದ ಕಾರಣವರಿಗೆ ಎಡೆಯಿಟ್ಟಾಗ ಮದ್ಯವನ್ನೂ ಇಟ್ಟು, ಆಮೇಲೆ ಹಿರಿಯರು ಕಿರಿಯರೆನ್ನದೆ ಒಟ್ಟಿಗೆ ಉಣ್ಣುವ ನಾಡಿನಲ್ಲಿ ಬೆಳೆದವನಿಗೆ ಆ ಬೆರಗೇ ಬೆರಗೆನಿಸಿತು. ಕೊಡಗಿನಲ್ಲಿ ಕುಡಿತದಿಂದ ಕೆಟ್ಟ ಮನೆಗಳಿಲ್ಲವೆಂದು ನಾನು ವಾದಿಸಲಾರೆ; ಅಂಥವು ನನ್ನ ಕಣ್ಣೆದುರಿನಲ್ಲಿಯೇ ಇವೆ. ಆದರೆ ಆ ಮನೆಯವರು ಕೆಟ್ಟುದು ಅಜ್ಜಿಯ ಪಕ್ಕದಲ್ಲಿ, ಮಕ್ಕಳ ಎದುರಿನಲ್ಲಿ, ಸಾರಿನ ತಟ್ಟೆಯನ್ನು ಮುಂದಿಟ್ಟುಕೊಂಡು ಕುಡಿದುದರಿಂದಲ್ಲ. ಬರಿಯ ಹೊಟ್ಟೆಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬರ ಕಣ್ಣಿಗೂ ಬೀಳದಂತೆ ಕುಡಿದುದರಿಂದ. ಮದ್ಯಕ್ಕೆ ಅಂಕೆಯೆಂಬುದಿದ್ದರೆ ಅದು ಅನ್ನ ಮತ್ತು ಹಿರಿಯರು. ಈ ಎರಡೂ ಇಲ್ಲದ ಕಡೆ ಸರ್ಕಾರದ ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಿಸಬಲ್ಲುದೇ ಹೊರತು ಬಾಯನ್ನಲ್ಲ.

ಊಟವಾದ ಮೇಲೆ ಹುಡುಗರಿಗೆ ಮುಳಪ್ಪಿಲಂಗಾಡಿನ ಮರಳಿನ ಮೇಲೆ ಕಾರು ಓಡಿಸಬೇಕೆಂಬ ಹಟ. ನಾಲ್ಕು ಕಿಲೋಮೀಟರಿನಷ್ಟು ಗಟ್ಟಿಯಾದ ಆ ದಡದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಅಂದು ಸಾರಥಿಯಾದವನಿಗೆ ಬೆಳಗಿನಿಂದ ನಿಂಬೆಯ ಷರಬತ್ತೇ ಗತಿ. ಈ ಸರದಿ ವರ್ಷಕ್ಕೊಬ್ಬರಂತೆ ಬದಲಾಗುತ್ತದೆ, ಅದರಲ್ಲಿ ರಿಯಾಯಿತಿಯಿಲ್ಲ. ಮಾಕುಟ್ಟದ ತಿರುವುಗಳು ಎಚ್ಚರವಿರುವವರಿಗೇ ಕಷ್ಟ.

ಹೋಗಬಯಸುವ ಓದುಗರಿಗೆ ಇಷ್ಟು ಹೇಳಬಲ್ಲೆ. ಮಳೆಗಾಲದಲ್ಲಿ ಹೊರಡಬೇಡಿ, ಘಟ್ಟ ಜಾರುತ್ತದೆ. ಮಳೆ ಕಳೆದ ಮೇಲೆ, ಬೆಳಗ್ಗೆ ಬೇಗನೆ ಹೊರಟು ಮಧ್ಯಾಹ್ನದೊಳಗೆ ತಲಪಿರಿ. ಉಳಿದ ಕಳ್ಳನ್ನು ಸೀಸೆಯಲ್ಲಿ ತುಂಬಿ ತರುವ ಆಸೆ ಬೇಡ. ಅಬಕಾರಿಯವರು ಹಿಡಿಯದಿದ್ದರೂ, ಹುದುಗುತ್ತಿರುವ ಕಳ್ಳು ಮುಚ್ಚಳವನ್ನು ಹಾರಿಸುತ್ತದೆ. ತರುವುದಾದರೆ ಕಲ್ಲುಮ್ಮಕ್ಕಾಯನ್ನು ತನ್ನಿ, ಮಂಜುಗಡ್ಡೆಯಲ್ಲಿಟ್ಟು ತಂದು ಆ ರಾತ್ರಿಯೇ ಬೇಯಿಸಿರಿ.