ಲಕ್ಷ್ಮಿಯ ಸೀರೆ, ಜಟಾಯುವಿನ ರೆಕ್ಕೆ

ಕಲಬುರಗಿಯ ನಮ್ಮ ಮನೆಯ ದೇವರ ಕೋಣೆಯಲ್ಲಿ ರವಿವರ್ಮನ ಲಕ್ಷ್ಮಿಯ ಪಟವಿತ್ತು. ಆಯಿ, ಅಂದರೆ ನನ್ನಜ್ಜಿ, ಸೊಸೆಯಾಗಿ ಬರುವ ಮೊದಲೇ ಗೋಡೆಗೆ ಏರಿದ್ದು. ಒಂದು ಶ್ರಾವಣದಲ್ಲಿ ಆಯಿ ಅದರ ಕಟ್ಟು ಬಿಚ್ಚಿ, ತನ್ನ ಮದುವೆ ಸೀರೆಯ ಹರಿದ ಸೆರಗನ್ನು ಅಳತೆಗೆ ಕತ್ತರಿಸಿ ಲಕ್ಷ್ಮಿಗೆ ಉಡಿಸಿದಳಂತೆ. ಕಾಗದಕ್ಕೇ ಸೂಜಿ ಚುಚ್ಚಿ ಹೊಲಿದ ಸೀರೆ, ಅಂಚಿಗೆ ಜರಿ, ಕೊರಳಿಗೆ ಟಿಕಲಿ. ಯಾಕೆ ಎಂದು ಕೇಳಿದರೆ, "ದ್ಯಾವ್ರಿಗಿ ಬರೇ ಬಣ್ಣದ ಸೀರಿ ಸಾಲ್ತದೇನವ್ವಾ?" ಅನ್ನುತ್ತಿದ್ದಳು.

ಆಯಿ ಹೋದ ಮೇಲೆ ಪಟ ಹೈದರಾಬಾದಿಗೆ, ನನ್ನ ಮನೆಗೆ ಬಂತು. ದಾರಿಯಲ್ಲಿ ಗಾಜು ಒಡೆದಿತ್ತು. ಆಗಷ್ಟೇ ಚೂರುಗಳನ್ನು ಅಂಟಿಸಿ ಚಿತ್ರ ಕಟ್ಟುವ ಕೊಲಾಜ್ ಮಾಡಲು ಹಿಡಿದಿದ್ದೆ. ಬಟ್ಟೆಯ ಕೆಳಗಿನ ಅಸಲಿ ರವಿವರ್ಮ ನೋಡಬೇಕೆಂಬ ಹಟ ಹುಟ್ಟಿತು. ಬ್ಲೇಡಿನಿಂದ ದಾರ ಕೊಯ್ದು ಸೀರೆ ಬಿಡಿಸಿದೆ. ಮುಖ, ಕೈ, ತಾವರೆ ಎಲ್ಲ ಮಾಸಿದ್ದವು. ಬಟ್ಟೆಯ ಅಡಿ ಇದ್ದ ಅಚ್ಚಿನ ಸೀರೆ ಮಾತ್ರ ನಿನ್ನೆ ಮೊನ್ನೆ ಮುದ್ರಿಸಿದ ಹಾಗೆ ಹೊಳೆಯುತ್ತಿತ್ತು. ಸುತ್ತ ಸೂಜಿಯ ತೂತುಗಳ ಸಾಲು, ಒಂದೊಂದೂ ಎಳ್ಳಿನಷ್ಟು.

ಆ ತೂತುಗಳನ್ನು ನೋಡುತ್ತಾ ನೋಡುತ್ತಾ ನಾನು ಮಾಡಿದ್ದೇನೆಂದು ತಿಳಿಯಿತು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ. ಮೊದಲು ಅಚ್ಚಾದದ್ದು ಶಕುಂತಲೆಯ ಜನನ. ಆಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಹೋದರು. ಆ ಅಚ್ಚು ಬೇಕೆಂದರೆ ಈಗಲೂ ಸಿಗುತ್ತದೆ. ಸೀರೆ ಉಟ್ಟ ಆಯಿಯ ಲಕ್ಷ್ಮಿ ಇದ್ದದ್ದು ಒಂದೇ. ಕಲಾವಿದೆಯ ಕೆಲಸವನ್ನು ಸುಲಿದು ಹಾಕಿ, ಅದರಡಿಯ ಮುದ್ರಣವನ್ನು ಅಸಲಿ ಅಂದುಕೊಂಡಿದ್ದೆ.

ಕೊಲಾಜ್ ಎಂದರೆ 1912ರ ಪ್ಯಾರಿಸ್, ಪಿಕಾಸೊ, ಬ್ರಾಕ್ ಎಂದು ಓದಿಕೊಂಡವಳು ನಾನು. ಆದರೆ ಅದಕ್ಕೂ ಎಷ್ಟೋ ಮೊದಲು, ನಮ್ಮ ದಖ್ಖನ್ನಿನ ಸುಲ್ತಾನರ ಕಾಲದಲ್ಲಿ, ಒಬ್ಬನ ಚಿತ್ರ, ಇನ್ನೊಬ್ಬನ ಕೈಬರಹ, ಮತ್ತೊಬ್ಬನ ಅಂಚುಪಟ್ಟಿ ಕತ್ತರಿಸಿ ಒಂದೇ ಹಾಳೆಗೆ ಅಂಟಿಸಿ ಆಲ್ಬಮ್ ಕಟ್ಟುತ್ತಿದ್ದರು. ಅದಕ್ಕೆ ಮುರಕ್ಕಾ ಎಂದು ಹೆಸರು; ಆ ಮಾತಿಗೆ ತೇಪೆ ಹಾಕಿದ್ದು ಎಂದೇ ಅರ್ಥ. 17ನೇ ಶತಮಾನದ ವಿಜಾಪುರದ ಕಲಾವಿದರು ಅಂಟುನೀರಿನ ಮೇಲೆ ಬಣ್ಣ ತೇಲಿಸಿ, ಅದನ್ನು ಕಾಗದಕ್ಕೆ ಎತ್ತಿ, ಆ ಮೋಡದಂಥ ಬಣ್ಣದಲ್ಲೇ ಎಲುಬು ಕಾಣುವ ಬಡಕಲು ಕುದುರೆಯ ಆಕಾರ ಮೂಡಿಸಿದರು. ತೇಪೆ ಹಾಕುವುದು ಈ ನೆಲದಲ್ಲಿ ಬಡವರ ಕೆಲಸ ಮಾತ್ರ ಆಗಿರಲಿಲ್ಲ. ಆಯಿಗೆ ಇದಾವುದೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಕೊಲಾಜಿಗೆ ಜಟಾಯುವನ್ನು ಹಿಡಿದೆ. ರವಿವರ್ಮನ ಜಟಾಯುವಧೆಯಲ್ಲಿ ರಾವಣ ಕತ್ತಿ ಎತ್ತಿದ್ದಾನೆ, ಸೀತೆ ನೋಡಲಾರದೆ ಮುಖ ಮುಚ್ಚಿಕೊಂಡಿದ್ದಾಳೆ. ಈಗ ಹಳೆಯ ಪಟಕ್ಕೆ ಕತ್ತರಿ ತಾಗಿಸುವುದಿಲ್ಲ, ಕಲರ್ ಜೆರಾಕ್ಸೇ. ಆದರೂ ರೆಕ್ಕೆಯ ಹತ್ತಿರ ಬಂದಾಗ ಕೈ ನಿಂತಿತು. ರಾವಣ ಕಡಿದ ರೆಕ್ಕೆಯನ್ನು ಈಗ ಕಡಿಯುವುದು ನಾನೇ. ಎರಡು ದಿನ ಕತ್ತರಿ ಮುಟ್ಟಲಿಲ್ಲ.

ಕೊನೆಗೆ ರೆಕ್ಕೆಯನ್ನು ಬೇರೆಯಾಗಿಯೇ ಕಟ್ಟಿದೆ. ಅಂಟಿಗೆ ತೆಲಂಗಾಣದ ಚೇರಿಯಾಲದಲ್ಲಿ ಪಟ ಬರೆಯುವವರ ದಾರಿ ಹಿಡಿದೆ: ಅವರು ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಬಿಳಿಮಣ್ಣು ಬಳಿದು ಹದಮಾಡುತ್ತಾರೆ. ಬೀಜ ರಾತ್ರಿಯೆಲ್ಲ ನೆನೆಸಿ, ಸಿಪ್ಪೆ ತೆಗೆದು ರುಬ್ಬಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಟ್ಟೆಯಲ್ಲಿ ಸೋಸಿದರೆ ಅಂಬಲಿಯಂಥ ಅಂಟು ಸಿಗುತ್ತದೆ. ಬಣ್ಣಕ್ಕೆ ಇಲ್ಲಿನ ಲಾಡ್ ಬಜಾರಿನ ಗೋಟಾ, ಒಡೆದ ಅರಗಿನ ಬಳೆಯ ಕನ್ನಡಿಚೂರು. ಗರಿಗಳಿಗೆ ಮುತ್ಯಾನ, ಅಂದರೆ ನನ್ನಜ್ಜನ, ಶಾಲೆಯ ಸರ್ಟಿಫಿಕೇಟಿನ ಜೆರಾಕ್ಸ್. ಅದು ಉರ್ದುವಿನಲ್ಲಿದೆ, ನಿಜಾಮರ ಕಾಲದಲ್ಲಿ ನಮ್ಮ ಕಡೆ ಶಾಲೆ, ಕಚೇರಿ ಹೆಚ್ಚಾಗಿ ಉರ್ದುವಿನಲ್ಲೇ. ಮನೆಯಲ್ಲಿ ಮಾತ್ರ ಕನ್ನಡ. ಹಾಗಾಗಿ ಒಂದು ಗರಿ ಉರ್ದು, ಪಕ್ಕದ್ದು ಆಯಿಯ ಕಿರಾಣಿ ಚೀಟಿಯ ಕನ್ನಡ. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು, ಹೈದರಾಬಾದು ಆಂಧ್ರಕ್ಕೆ. ಮುತ್ಯಾನ ಅಣ್ಣ ಇಲ್ಲೇ ಹೈದರಾಬಾದಿನಲ್ಲಿ ಉಳಿದ, ಮುತ್ಯಾ ಅಲ್ಲಿ ಕಲಬುರಗಿಯಲ್ಲಿ.

ರೆಕ್ಕೆ ಕಡಿದ ಅಂಚಿಗೆ ಏನೂ ಹೊಂದಲಿಲ್ಲ. ಕೆಂಪು ಬಳಿದೆ, ನಾಟಕದ ರಕ್ತದಂತೆ ಕಂಡಿತು, ಒರೆಸಿದೆ. ಆಮೇಲೆ ಲಕ್ಷ್ಮಿಯಿಂದ ಬಿಡಿಸಿ ಡಬ್ಬಿಯಲ್ಲಿಟ್ಟಿದ್ದ ಆಯಿಯ ಜರಿ ತೆಗೆದು, ಅಂಟಿಸದೆ, ಕಾಗದಕ್ಕೆ ಸೂಜಿ ಚುಚ್ಚಿ ಹೊಲಿದೆ. ತೂತು ಎಳ್ಳಿಗಿಂತ ದೊಡ್ಡದಾಯಿತು. ಆಯಿಯ ಕೈ ನನಗೆ ಬಂದಿಲ್ಲ.

ನಿಮ್ಮ ಮನೆಯಲ್ಲೂ ಸೀರೆ ಉಟ್ಟ, ಟಿಕಲಿ ಹಚ್ಚಿದ ದೇವರ ಪಟ ಇದ್ದರೆ ದಯವಿಟ್ಟು ಅದರ ಬಟ್ಟೆ ಬಿಡಿಸಬೇಡಿ. ಬಿಸಿಲಿನಿಂದ, ತೇವದ ಗೋಡೆಯಿಂದ ದೂರವಿಡಿ. ಒಂದು ಚೀಟಿಯಲ್ಲಿ ಹೊಲಿದವರ ಹೆಸರು, ಅದು ಯಾರ ಸೀರೆಯೆಂಬುದು, ಯಾವ ಊರು ಎಂದು ಪೆನ್ಸಿಲಿನಲ್ಲಿ ಬರೆದು ಕಟ್ಟಿನ ಹಿಂದೆ ಇಡಿ. ಹೇಳುವವರು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿ.