ಮಗಳ ಹೆಸರು ಹೊತ್ತ ಗಾಳಿಪಟ

2019ರ ಏಪ್ರಿಲ್ ತಿಂಗಳ ಒಂದು ಸಂಜೆ. ಜಪಾನಿನ ಹಮಾಮತ್ಸು ನಗರದ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಮೂವರು ಹಿರಿಯರು ಬಂದು ನಿಂತರು. ನಮ್ಮ ಬಡಾವಣೆಯವರೇ. ಬೆಳಿಗ್ಗೆ ಕಸದ ಚೀಲ ಇಡಲು ಹೋದಾಗ ಪರಸ್ಪರ ತಲೆ ಬಾಗಿಸುವಷ್ಟು ಪರಿಚಯ, ಅಷ್ಟೆ. ‘ನಿಮ್ಮ ಮಗು ಚೊಚ್ಚಲೇ?’ ಎಂದು ಕೇಳಿದರು. ಹೌದೆಂದೆವು. ‘ಹಾಗಾದರೆ ತಾಕೊ ಹಾರಿಸೋಣ’ ಎಂದರು.

ನನ್ನ ಅರೆಬರೆ ಜಪಾನಿಯಲ್ಲಿ ತಾಕೊ ಎಂದರೆ ಎಂಟು ಕಾಲಿನ ಆಕ್ಟೋಪಸ್. ಮೀನಿನಂಗಡಿಯಲ್ಲಿ ಅದನ್ನು ಕಂಡು ದೂರದಿಂದಲೇ ಹಾದುಹೋಗುತ್ತಿದ್ದ ಸಸ್ಯಾಹಾರಿ ನಾನು. ಐದು ತಿಂಗಳ ಮಗುವಿಗಾಗಿ ಅದನ್ನು ಹಾರಿಸುವುದು ಹೇಗೆ? ಕಣ್ಣು ಬಿಟ್ಟು ನಿಂತ ನನಗೆ ಯಜಮಾನರು ಪಿಸುಗುಟ್ಟಿದರು: ‘ಗಾಳಿಪಟ ಕಣೇ!’ ಜಪಾನಿಯಲ್ಲಿ ಎರಡಕ್ಕೂ ಒಂದೇ ಶಬ್ದ.

ಹಮಾಮತ್ಸು ಟೋಕಿಯೊ ಮತ್ತು ಒಸಾಕಾಗಳ ನಡುವೆ, ಸಮುದ್ರಕ್ಕೆ ಅಂಟಿಕೊಂಡಿರುವ ಊರು. ಸುಜುಕಿ ವಾಹನಗಳ, ಯಮಾಹಾ ಪಿಯಾನೊಗಳ ಮುಖ್ಯ ಕಚೇರಿಗಳು ಇರುವುದು ಇಲ್ಲಿಯೇ. ಪ್ರತಿ ವರ್ಷ ಮೇ 3ರಿಂದ 5ರವರೆಗೆ ಈ ಯಂತ್ರಗಳ ಊರು ಗಾಳಿಪಟದ ಊರಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿನ ಹಿಕುಮಾ ಕೋಟೆಯ ಒಡೆಯ ತನ್ನ ಮೊದಲ ಮಗ ಹುಟ್ಟಿದಾಗ ಅವನ ಹೆಸರು ಬರೆಸಿದ ದೊಡ್ಡ ಗಾಳಿಪಟ ಹಾರಿಸಿದನೆಂದು ಐತಿಹ್ಯ. ಅಂದಿನಿಂದ ಊರಿನವರೂ ಚೊಚ್ಚಲ ಮಗುವಿಗೆ ‘ಹತ್ಸುದಾಕೊ’, ಅಂದರೆ ಮೊದಲ ಗಾಳಿಪಟ, ಏರಿಸುತ್ತ ಬಂದರಂತೆ. ಹಿಂದೆ ಗಂಡುಮಕ್ಕಳಿಗೆ ಮಾತ್ರ ಇದ್ದ ಈ ಗೌರವ ಈಗ ಹೆಣ್ಣುಮಕ್ಕಳಿಗೂ ಉಂಟು. ಹಾಗಿಲ್ಲದಿದ್ದರೆ ಆ ಮೂವರು ನಮ್ಮ ಬಾಗಿಲು ತಟ್ಟುತ್ತಿರಲಿಲ್ಲ.

ಮೊದಲ ತೊಡಕು ಹೆಸರಿನದು. ಮಗಳ ಹೆಸರಿನ ನಡುವೆ ಒಂದು ‘ಳ’ ಇದೆ. ಜಪಾನಿಯಲ್ಲಿ ‘ಳ’ವೂ ಇಲ್ಲ, ‘ಲ’ವೂ ಇಲ್ಲ, ಎಲ್ಲಕ್ಕೂ ಒಂದೇ ‘ರ’ಕಾರ. ಕುಂಚ ಹಿಡಿದಿದ್ದ ಹಿರಿಯರು ನನ್ನ ಬಾಯನ್ನೇ ನೋಡುತ್ತ ನಾಲ್ಕು ಸಲ ಹೇಳಿಸಿದರು, ತಾವೂ ನಾಲಿಗೆ ಮಡಚಲು ಹೆಣಗಿದರು, ಕೊನೆಗೆ ಕ್ಷಮೆ ಕೇಳಿ ‘ರ’ ಬರೆದರು.

ಎರಡನೆಯ ತೊಡಕು ತುಮಕೂರಿನಿಂದ ಫೋನಿನಲ್ಲಿ ಬಂತು. ‘ಅಲ್ಲ ಕಣೇ, ಕೂಸಿನ ಹೆಸರು ಬರೆದು ಗಾಳಿಗೆ ಬಿಡ್ತೀರಾ? ದಾರ ಕಿತ್ತುಹೋದ್ರೆ?’ ಎಂದರು ಅಮ್ಮ. ಆಷಾಢದ ಗಾಳಿಗೆ ಅಣ್ಣ ಬಿಟ್ಟ ಪಟಗಳೆಲ್ಲ ಹರಿದು ಯಾರದೋ ತೆಂಗಿನ ಮರದಲ್ಲಿ ಸಿಕ್ಕಿಕೊಳ್ಳುತ್ತಿದ್ದುದನ್ನು ಕಂಡವರು ಅವರು. ನಾನು ನಕ್ಕು ಫೋನಿಟ್ಟೆ. ಆದರೆ ರಾತ್ರಿ ಮಗುವಿಗೆ ಹಾಲೂಡಿಸುವಾಗ ಆ ಮಾತು ಮತ್ತೆ ಬಂತು.

ಮೇ 3ರ ಬೆಳಿಗ್ಗೆ ನಕತಜಿಮಾ ಎಂಬ ಮರಳುದಿಬ್ಬಗಳ ಬಳಿಯ ಬಯಲಿಗೆ ಹೋದೆವು. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದು ಮೂರನೆಯ ದಿನ. ದೇಶಕ್ಕೆಲ್ಲ ಹತ್ತು ದಿನಗಳ ರಜೆ. ಸುಮಾರು 170 ಬಡಾವಣೆಗಳ ಜನ, ಪ್ರತಿ ಬಡಾವಣೆಗೂ ತನ್ನದೇ ಗುರುತಿನ ಅಂಗಿ, ಅದೇ ಗುರುತಿನ ಪಟ. ನಮ್ಮ ಅಂಗೈಯಗಲದ ಕಾಗದ, ಅನ್ನದ ಅಗುಳಿನ ಅಂಟು, ಹಳೆ ಸೀರೆಯಂಚಿನ ಬಾಲಂಗೋಚಿ ನೆನೆದುಕೊಂಡು ಹೋದವಳಿಗೆ ಕಂಡದ್ದು ಬಿದಿರು ಮತ್ತು ಕೈಕಾಗದದ ಚೌಕ ಬಾಗಿಲುಗಳು! ದೊಡ್ಡವು ಮೂರೂವರೆ ಮೀಟರಿನಷ್ಟು ಅಗಲ. ದಾರವೆಂದರೆ ಪೆನ್ಸಿಲಿಗಿಂತ ತುಸು ತೆಳುವಾದ ಸೆಣಬಿನ ಹಗ್ಗ. ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಅಲ್ಲ.

ತುತ್ತೂರಿ ಮೊಳಗಿತು. ‘ಓಯ್ಶೊ! ಓಯ್ಶೊ!’ ಎಂದು ಕೂಗುತ್ತ ನಮ್ಮವರು ಹಗ್ಗ ಹಿಡಿದು ಓಡಿದರು, ಯಜಮಾನರೂ ಓಡಿದರು. ಪಟ ಮೂರಾಳೆತ್ತರ ಎದ್ದಿತು, ಒಮ್ಮೆ ಹೊರಳಿತು, ತಲೆಕೆಳಗಾಗಿ ನೆಲಕ್ಕೆ ಬಡಿಯಿತು. ಕಾಗದ ಪರ್ರನೆ ಹರಿದ ಸದ್ದು ನನ್ನವರೆಗೂ ಕೇಳಿಸಿತು. ಹರಿದದ್ದು ಸರಿಯಾಗಿ ಹೆಸರಿನ ಪಕ್ಕದಲ್ಲಿ. ಮಗುವನ್ನು ಎದೆಗವಚಿಕೊಂಡೆ. ಅಮ್ಮನ ಮಾತನ್ನು ನಂಬುವವಳಲ್ಲ ನಾನು, ಆದರೂ ಕಣ್ಣು ತುಂಬಿತು.

ಅಲ್ಲಿದ್ದ ಯಾರ ಮುಖದಲ್ಲೂ ಅಪಶಕುನದ ಸುಳಿವಿರಲಿಲ್ಲ. ಕುಂಚದ ಹಿರಿಯರು ಮರಳಿನ ಮೇಲೆ ಮಂಡಿಯೂರಿ, ಡಬ್ಬಿಯಿಂದ ಅಂಟು ತೆಗೆದು, ಹರಿದ ಕಡೆ ಕಾಗದದ ತೇಪೆ ಹಾಕಿದರು. ಹೈಸ್ಕೂಲಿನ ಹುಡುಗನೊಬ್ಬ ಸೂತ್ರದ ಗಂಟುಗಳನ್ನು ಬಿಚ್ಚಿ ಮತ್ತೆ ಅಳತೆ ಮಾಡಿ ಕಟ್ಟಿದ. ದೊಡ್ಡವರು ಅವನ ಮಾತನ್ನು ತಲೆಯಾಡಿಸುತ್ತ ಕೇಳುತ್ತಿದ್ದರು. ‘ಓದು ಬಿಟ್ಟು ಗಾಳಿಪಟದ ಹಿಂದೆ ಬಿದ್ದಿದ್ದಾನೆ’ ಎಂದು ಬೈಯಲು ಅಲ್ಲಿ ಯಾರೂ ಇರಲಿಲ್ಲ. ನಮ್ಮಣ್ಣ ಇದನ್ನು ನೋಡಬೇಕಿತ್ತು.

ಮಧ್ಯಾಹ್ನ ಕಡಲ ಗಾಳಿ ಗಟ್ಟಿಯಾಯಿತು. ಈ ಸಲ ಪಟ ಹಿಂದೆ ನೋಡದೆ ಏರಿತು. ತೇಪೆ ಮಾತ್ರ ಬಿಳಿ ಚುಕ್ಕೆಯಂತೆ ಕಾಣುತ್ತಿತ್ತು. ಹಗ್ಗದ ತುದಿಯನ್ನು ನನ್ನ ಕೈಗೂ ಕೊಟ್ಟರು. ಅಬ್ಬಾ, ಆ ಸೆಳೆತ! ಕರು ಹಗ್ಗ ಜಗ್ಗಿದ ಹಾಗೆ. ಮಗಳು ಮಾತ್ರ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಆಮೇಲೆ ಕಾಳಗ. ನಮ್ಮ ಪಟವನ್ನು ಅದಕ್ಕೆ ಮುಂಚೆಯೇ ಇಳಿಸಿದರು. ಬೇಕೆಂದೇ ಇಳಿಸಿದರೋ ಏನೋ, ನಾನು ಕೇಳಲಿಲ್ಲ. ಒಂದು ಬಡಾವಣೆಯ ಹಗ್ಗ ಇನ್ನೊಂದಕ್ಕೆ ಸುತ್ತಿಕೊಂಡು, ಎರಡೂ ಕಡೆಯವರು ಎಳೆದೆಳೆದು, ಉಜ್ಜಿದ ಕಾವಿಗೇ ಒಂದು ತುಂಡಾಗಬೇಕು. ಸುಟ್ಟ ಸೆಣಬಿನ ವಾಸನೆ ಮೂಗಿಗೆ ಬಡಿಯುತ್ತದೆ. ಗಾಜಿನ ಪುಡಿಯ ಮಾಂಜಾ ಇಲ್ಲ. ನಮ್ಮಲ್ಲಿ ನೈಲಾನ್ ಮಾಂಜಾವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿದ ಮೇಲೂ ಹಕ್ಕಿಗಳ ರೆಕ್ಕೆ, ಸ್ಕೂಟರ್ ಸವಾರರ ಕತ್ತು ಕೊಯ್ದ ಸುದ್ದಿ ಓದುತ್ತಲೇ ಇದ್ದೇವಲ್ಲ! ತೋಳ್ಬಲದಿಂದ ದಾರ ಕಡಿಯುವ ಈ ಪಾಠವನ್ನು ನಾವೂ ಕಲಿಯಬಾರದೇ ಅನ್ನಿಸಿತು.

ರಾತ್ರಿ ಪೇಟೆಯಲ್ಲಿ ಕೆತ್ತನೆಯ ಮರದ ರಥಗಳು ಲಾಂದ್ರಗಳನ್ನು ತೂಗಿಕೊಂಡು ಸಾಗಿದವು. ಒಳಗೆ ಕುಳಿತು ಕೊಳಲು, ಡೋಲು ನುಡಿಸುವವರು ಶಾಲೆಯ ಮಕ್ಕಳೇ. ಅದು ಮುಗಿದ ಮೇಲೆ ಬಡಾವಣೆಯವರೆಲ್ಲ ಲಾಂದ್ರ ಹಿಡಿದು ಮನೆಯ ಮುಂದೆ ಬಂದು, ಮಗುವನ್ನೂ ನಮ್ಮನ್ನೂ ನಡುವೆ ನಿಲ್ಲಿಸಿ, ಸುತ್ತ ಒತ್ತೊತ್ತಾಗಿ ಕುಣಿದರು. ನಾನು ಕೊಟ್ಟ ಚಕ್ಕುಲಿ ಐದು ನಿಮಿಷದಲ್ಲಿ ಖಾಲಿ.

ಮರುವರ್ಷ, 2020ರಲ್ಲಿ, ಕೊರೊನಾದಿಂದಾಗಿ ಹಬ್ಬ ನಡೆಯಲಿಲ್ಲ. ನಾವು ಊರಿಗೆ ಮರಳುವಾಗ ಆ ಹಿರಿಯರು ಪಟದಿಂದ ಹೆಸರಿದ್ದ ಮೂಲೆಯನ್ನು, ತೇಪೆಯ ಸಮೇತ, ಜತನದಿಂದ ಕತ್ತರಿಸಿ ಸುರುಳಿ ಸುತ್ತಿ ಕೊಟ್ಟರು. ಅದಕ್ಕೆ ಚೌಕಟ್ಟು ಹಾಕಿಸಿ ತುಮಕೂರಿನ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದು ಅಮ್ಮನೇ. ಬಂದವರಿಗೆಲ್ಲ ತೋರಿಸುತ್ತಾರೆ. ಮೊಮ್ಮಗಳು ಮಾತ್ರ ಕನ್ನಡದ ಅಕ್ಷರ ಕಲಿತ ದಿನದಿಂದ ಕುರ್ಚಿ ಹತ್ತಿ ನಿಂತು ಅದರಲ್ಲಿ ‘ಳ’ ಎಲ್ಲಿದೆ ಎಂದು ಹುಡುಕುತ್ತಿದ್ದಾಳೆ.